ಆಗಿಬರುವ ಕೈ

ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಕನ್ನಡಕದ ಅಂಗಡಿಯವರು ತಮ್ಮ ಇಟಲಿ ಕಾರನ್ನು ಮಾರಾಟಕ್ಕಿಡುತ್ತಿದ್ದರು. ಮಾರುತ್ತಿರಲಿಲ್ಲ, ಆ ಮಾತು ಬೇರೆ. ಪೇಪರಿನಲ್ಲಿ ಜಾಹೀರಾತು ಕೊಡುವುದು, ಶೆಡ್ಡಿನ ಬಾಗಿಲಿಗೆ ‘ಮಾರಾಟಕ್ಕಿದೆ’ ಎಂಬ ರಟ್ಟು ನೇತುಹಾಕುವುದು, ಬಂದವರು ಬಾಯಿ ಬಿಟ್ಟುಕೊಂಡು ಕಾರು ನೋಡುವುದು, ಅವರು ನೋಡುವುದನ್ನು ಇವರು ನೋಡುವುದು, ಆಮೇಲೆ ಒಳ್ಳೆಯ ಮಾತಾಡಿ ಬರಿಗೈಯಲ್ಲಿ ಸಾಗಹಾಕುವುದು. ಇಷ್ಟೂ ಮುಗಿದ ಮೇಲೆ ರಟ್ಟಿನ ಧೂಳು ಒರೆಸಿ ಜೋಪಾನವಾಗಿ ಕಪಾಟಿನ ಮೇಲೆ ಎತ್ತಿಡುತ್ತಿದ್ದರು. ಮುಂದಿನ ವರ್ಷಕ್ಕೆ ಬೇಕಲ್ಲ.

ಬೀದಿಯವರಿಗೆ ಇದು ಪುಕ್ಕಟೆ ಮನರಂಜನೆ. ಅವರ ಹೆಂಡತಿಗೆ ಮಾತ್ರ ಮೈಯೆಲ್ಲ ಉರಿ. ಆಕೆಯನ್ನು ಎಲ್ಲರೂ ಕರೆಯುವುದು ಟೈಲರಮ್ಮ ಅಂತ. ಕೋಟಿನಿಂದ ಹಿಡಿದು ಕಿಟಕಿಯ ಪರದೆಯವರೆಗೆ ಏನು ಕೊಟ್ಟರೂ ಹೊಲಿಯುವ ಕೈ ಅದು. ಆದರೆ ಆ ಕೈ ಚಾಚಲು ಜಾಗವಿಲ್ಲ. ಹೊಲಿಗೆ ಮಿಷನ್ನು ಇದ್ದದ್ದು ಅಡುಗೆಮನೆಗೂ ಶೆಡ್ಡಿಗೂ ನಡುವಿನ ಓಣಿಯಂಥ ಕೋಣೆಯಲ್ಲಿ. ಬಟ್ಟೆ ಕತ್ತರಿಸಬೇಕಾದರೆ ಮಂಚದ ಮೇಲೆ ಹಾಸಬೇಕು, ಅಳತೆ ಕೊಡಲು ಬಂದವರು ಫ್ರಿಜ್ಜಿಗೆ ಒರಗಿ ನಿಲ್ಲಬೇಕು, ಊಟದ ತಟ್ಟೆಯಲ್ಲಿ ಗುಂಡುಸೂಜಿ ಸಿಕ್ಕರೆ ಆ ಮನೆಯಲ್ಲಿ ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ಗೋಡೆಯ ಆಚೆಗೆ ನೋಡಿದರೆ ವಿಶಾಲವಾದ ಶೆಡ್ಡು, ಮೇಲಿನ ಗಾಜಿನಿಂದ ಇಳಿಯುವ ಒಳ್ಳೆ ಬೆಳಕು, ನುಣ್ಣನೆಯ ನೆಲ. ಅಷ್ಟನ್ನೂ ಹಿಡಿದುಕೊಂಡು ಆ ಕಾರು ಮಲಗಿತ್ತು. ಕಾರು ಹೋದ ದಿನ ಶೆಡ್ಡು ನಿನ್ನದೇ ಎಂದು ಗಂಡ ಮಾತು ಕೊಟ್ಟು ಯಾವ ಕಾಲವಾಯಿತೋ. ಒಂದು ದಿನದ ಮಟ್ಟಿಗೆ ಹೊರಗೆ ನಿಲ್ಲಿಸಿ ಅಂದರೂ, ಎಳೇ ಕೂಸನ್ನು ಬೀದಿಯಲ್ಲಿ ಮಲಗಿಸು ಅಂದವಳನ್ನು ನೋಡಿದ ಹಾಗೆ ನೋಡುತ್ತಿದ್ದರು.

ಈ ಸಲ ಅದು ಬರೀ ಮುನಿಸಿನ ವಿಷಯವಾಗಿ ಉಳಿದಿರಲಿಲ್ಲ. ಊರಿನ ನಾಟಕಮಂದಿರದ ಮ್ಯಾನೇಜರು ಮನೆಗೇ ಬಂದು, ವೇದಿಕೆಯ ದೊಡ್ಡ ಪರದೆಯನ್ನು ಹೊಸದಾಗಿ ಹೊಲಿದುಕೊಡುತ್ತೀರಾ ಎಂದು ಕೇಳಿದ್ದರು. ಕಡುಗೆಂಪು ಮಖಮಲ್ಲಿನ ಪರದೆ. ಒಂದೇ ಸಲಕ್ಕೆ ಹರವಿಕೊಂಡು ನೆರಿಗೆ ಹಿಡಿದರೆ ಮಾತ್ರ ಅದು ಸಮವಾಗಿ ಇಳಿಬೀಳುತ್ತದೆ. ಅಂಥ ಕೆಲಸ ಅವಳ ಜನ್ಮದಲ್ಲಿ ಬಂದಿರಲಿಲ್ಲ, ಇನ್ನೊಮ್ಮೆ ಬರುವ ನೆಚ್ಚಿಕೆಯೂ ಇರಲಿಲ್ಲ. ಹರವಲು ನೆಲ ಇದೆಯೇ ಎಂದು ಅವರು ಫ್ರಿಜ್ಜಿಗೆ ಒರಗಿಕೊಂಡೇ ಅನುಮಾನದಿಂದ ಕೇಳಿದಾಗ, ಹಿಂದುಮುಂದು ನೋಡದೆ ಇದೆ ಎಂದುಬಿಟ್ಟಿದ್ದಳು. ಹಾಗಾದರೆ ಶನಿವಾರ ಸಂಜೆ ಬಂದು ನೋಡುತ್ತೇನೆ, ನೆಲ ಸಾಲದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು. ಅಂದಿನಿಂದ ಟೈಲರಮ್ಮನಿಗೆ ನಿದ್ದೆಯೂ ಇಲ್ಲ, ನೆಮ್ಮದಿಯೂ ಇಲ್ಲ.

ಹಾಗೆಂದು ಅವಳಿಗೆ ಆ ಕಾರಿನ ಮೇಲೆ ದ್ವೇಷವಿತ್ತೇ? ಅದನ್ನು ನೋಡಿ ದ್ವೇಷಿಸುವವರು ಯಾರಾದರೂ ಇದ್ದರೆ ಅವರನ್ನು ನೆಟ್ಟಗೆ ಕನ್ನಡಕದ ಅಂಗಡಿಗೆ ಕಳಿಸಬೇಕು. ಕಡುನೀಲಿ ಬಣ್ಣ, ಎರಡೇ ಬಾಗಿಲು, ಉದ್ದನೆಯ ಮೂತಿ. ತಗ್ಗಿನ ಮಾಡು ಹಿಂದಕ್ಕೆ ಜಾರಿ ಎಲ್ಲಿ ಮುಗಿಯಿತು ಎಂದು ಕೈಯಿಟ್ಟು ಹುಡುಕಿದರೂ ಸಿಗದು, ಅಷ್ಟು ನಯ. ಟೈಲರಮ್ಮ ಕತ್ತರಿ ಹಿಡಿದು ಬದುಕಿದವಳು. ಒಂದು ಗೆರೆಯನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ಸುಮ್ಮನೆ ಹೋಗಲು ಬಿಡಬೇಕು ಅನ್ನುವುದು ಎಷ್ಟು ಕಷ್ಟ ಎಂದು ಬಲ್ಲವಳು. ಈ ಕಾರನ್ನು ಬರೆದವನ ಕೈಯನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ಮೆಚ್ಚಿಕೊಂಡಿದ್ದಳೋ. ದೂರದೂರಿಗೆ ಇಬ್ಬರು ಜೋರಾಗಿ, ಆದರೂ ಸುಸ್ತಿಲ್ಲದೆ ಹೋಗಿಬರಲಿ ಎಂದೇ ಕಟ್ಟಿದ ಜಾತಿಯಂತೆ ಅದು, ಗ್ರ್ಯಾಂಡ್ ಟೂರಿಂಗ್ ಎನ್ನುತ್ತಾರೆ. ಹಿಂದೆಯೂ ಎರಡು ಸೀಟಿವೆ ಅನ್ನುವುದು ಹೆಸರಿಗೆ. ಅಲ್ಲಿ ಕೂರಬೇಕಾದರೆ ಕಾಲುಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಮುಚ್ಚಿಹೋದ ಒಂದು ಹೋಟೆಲಿನ ಹಿತ್ತಿಲಲ್ಲಿ, ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ಅವಸ್ಥೆಯಲ್ಲಿ ಸಿಕ್ಕಿದ್ದನ್ನು ಕನ್ನಡಕದವರು ಬೋಲ್ಟು ಬೋಲ್ಟಾಗಿ ಬಿಚ್ಚಿ, ತಿಕ್ಕಿ, ತೊಳೆದು, ಮತ್ತೆ ಜೋಡಿಸಿದ್ದರು. ಅದರ ಹೊಳೆಯುವ ಪಟ್ಟಿಗಳನ್ನು ಈಗಲೂ ಅವರು ಒರೆಸುತ್ತಿದ್ದುದು ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದಲೇ. ಸೀಟುಗಳು ಮಾತ್ರ ಟೈಲರಮ್ಮನ ಕೈಕೆಲಸ. ಆ ಕಂದು ಚರ್ಮಕ್ಕೆ ಎಷ್ಟು ಸೂಜಿ ಬಲಿಯಾದವೋ, ಹೊಲಿಗೆಯ ಸಾಲು ಮಾತ್ರ ಎಲ್ಲೂ ಒಂದೆಳೆ ಆಚೀಚೆ ಆಗಿರಲಿಲ್ಲ. ಮರದ ಸ್ಟೀರಿಂಗ್ ಹಿಂದೆ ದುಂಡನೆಯ ಮೀಟರುಗಳು, ಎಲ್ಲದರ ಮೇಲೂ ಇಟಲಿಯ ಮಾತು. ನೀರಿಗೆ ಆಕ್ವಾ, ಎಣ್ಣೆಗೆ ಓಲಿಯೋ. ಗಾಳಿ ಬಿಡುವ ಕಡ್ಡಿಯ ಒಂದು ತುದಿಗೆ ‘ಕಾಲ್ಡೋ’ ಎಂದಿತ್ತು. ಕಾಲ್ಡೋ ಅಂದರೆ ಕೋಲ್ಡು, ತಣ್ಣನೆ ಗಾಳಿ, ಎಂದು ಕನ್ನಡಕದವರು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. ಸೆಕೆಯಲ್ಲಿ ಅದನ್ನು ಕಾಲ್ಡೋ ಕಡೆ ತಳ್ಳಿದಾಗಲೆಲ್ಲ ಬಿಸಿ ಗಾಳಿ ನುಗ್ಗಿ ಬೆವರಿನಲ್ಲಿ ತೊಯ್ದುಹೋಗುತ್ತಿದ್ದರು. ಹಳೇ ಕಾರು, ತಣ್ಣಗಾಗಲು ಸ್ವಲ್ಪ ಹೊತ್ತು ಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಬಂದ ಗಿರಾಕಿಗಳನ್ನು ಸಾಗಹಾಕಲು ಅವರದೊಂದು ನಿಯಮವಿತ್ತು. ಬೆಲೆ ಆಮೇಲೆ, ಮೊದಲು ಕೀಲಿ ತಿರುಗಿಸಿ ನೋಡಿ ಅನ್ನುತ್ತಿದ್ದರು. ಯಾರ ಕೈಯಲ್ಲಿ ಸ್ಟಾರ್ಟ್ ಆಗುತ್ತದೋ ಕಾರು ಅವರದು, ಕೈಗೆ ಆಗಿಬರಬೇಕು. ಗಿರಾಕಿ ಹುರುಪಿನಿಂದ ಕೂತು ಕೀಲಿ ತಿರುಗಿಸಿದರೆ ಇಂಜಿನ್ನು ಗೊರಗೊರ ಎಂದು ನರಳುತ್ತಿತ್ತೇ ಹೊರತು ಜಪ್ಪಯ್ಯ ಅಂದರೂ ಹೊತ್ತಿಕೊಳ್ಳುತ್ತಿರಲಿಲ್ಲ. ಆಗ ಇವರು ಮುಖ ಸಪ್ಪೆ ಮಾಡಿಕೊಂಡು, ‘ಬೇಜಾರ್ ಮಾಡ್ಕೋಬೇಡಿ, ನಿಮಗೂ ಇದಕ್ಕೂ ಆಗಿಬರಲ್ಲ’ ಎನ್ನುತ್ತಿದ್ದರು. ಗಿರಾಕಿ ಬೀದಿಯ ತಿರುವು ದಾಟಿದ ಮೇಲೆ ತಾವೇ ಕೂತು ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ, ಪೆಟ್ರೋಲ್ ಬಂಕಿನವರೆಗೆ ಹೋಗಿ ಬರುತ್ತಿದ್ದರು. ಈ ಆಗಿಬರುವ ಮಾತು ಮನೆಯಲ್ಲಿ ಎಷ್ಟು ಬೇರುಬಿಟ್ಟಿತ್ತೆಂದರೆ, ಮಹಡಿಯ ಮೇಲಿದ್ದ ನಾದಿನಿ ಹೊಸ ಕುಕ್ಕರು ತಂದರೂ ಅದು ಆಗಿಬಂತೇ ಇಲ್ಲವೇ ಎಂದು ಚರ್ಚೆಯಾಗುತ್ತಿತ್ತು.

ಗುಟ್ಟು ಟೈಲರಮ್ಮನಿಗೆ ಗೊತ್ತಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ, ಗೋಡೆಯ ಈಚೆ ಕೂತು ಕೇಳಿ ಕೇಳಿ ತಿಳಿದದ್ದು. ಕೀಲಿಯನ್ನು ಅರ್ಧ ತಿರುಗಿಸಿದರೆ ಹಿಂದುಗಡೆ ಪೆಟ್ರೋಲಿನ ಪಂಪು ಟಿಕ್‌ಟಿಕ್‌ಟಿಕ್ ಎಂದು ಬಡಿದುಕೊಳ್ಳುತ್ತದೆ. ಇಂಜಿನ್ನಿಗೆ ಪೆಟ್ರೋಲು ತುಂಬುತ್ತ ಬಂದ ಹಾಗೆ ಟಿಕ್ಕು ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ನಿಂತ ಮೇಲೆ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ, ಅವಸರ ಮಾಡಿದರೆ ಇಲ್ಲ. ಇಷ್ಟೇ. ಗಿರಾಕಿಗಳಿಗೆ ಆ ಟಿಕ್ಕು ಏಕೆ ಕೇಳುತ್ತಿರಲಿಲ್ಲ ಎಂದರೆ, ಅವರು ಕೀಲಿಗೆ ಕೈ ಹಾಕಿದ್ದೇ ತಡ ಕನ್ನಡಕದವರು ಜೋರಾಗಿ ಮಾತು ಶುರುಮಾಡುತ್ತಿದ್ದರು. ಹೋಟೆಲಿನ ಹಿತ್ತಿಲು, ಕೋಳಿ, ಮೊಟ್ಟೆ, ಎಲ್ಲ ಆಗಲೇ ಬರಬೇಕು. ಉಳಿದ ಹೊತ್ತಿನಲ್ಲಿ ಮೂರು ಕೇಳಿದರೆ ಒಂದು ಹೇಳುವ ಮನುಷ್ಯ ಅವರು.

ಇದು ಗೊತ್ತಿದ್ದೂ ಅವಳು ಬಾಯಿ ಬಿಟ್ಟಿರಲಿಲ್ಲ. ಗಿರಾಕಿ ಹೋದ ಮೇಲೆ ಒಳಗೆ ಬರುತ್ತಿದ್ದ ಗಂಡನ ಅರಳಿದ ಮುಖ ನೋಡಿದರೆ ಬೈಯುವ ಬಾಯಿಯೇ ಕಟ್ಟಿಹೋಗುತ್ತಿತ್ತು. ಹೋಗಲಿ ಪಾಪ ಎಂದು ಮತ್ತೆ ಮಿಷನ್ನು ತುಳಿಯುತ್ತಿದ್ದಳು. ಆದರೆ ಈ ಶನಿವಾರ ಬೆಳಿಗ್ಗೆ ಹಾಗೆ ಅನ್ನಿಸಲಿಲ್ಲ.

ಅಂದು ಬಂದವರು ಹಲ್ಲಿನ ಡಾಕ್ಟರು. ಬೆಟ್ಟದಾಚೆಯ ಬಂದರಿನ ಊರಿನಿಂದ ಬೆಳಗಿನ ರೈಲು ಹಿಡಿದು ಒಬ್ಬರೇ ಬಂದಿದ್ದ ಹೆಂಗಸು. ನರೆತ ಗಿಡ್ಡ ಕೂದಲು, ಹೆಗಲಿಗೊಂದು ಚೀಲ. ಟೈಲರಮ್ಮ ಮಿಷನ್ನು ನಿಲ್ಲಿಸಿ ಬಾಗಿಲ ಸಂದಿಗೆ ಕಣ್ಣಿಟ್ಟಳು. ಡಾಕ್ಟರು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಳೆಯುವ ಜಾಲರಿಯನ್ನು ದಿಟ್ಟಿಸಿ ನೋಡಿ, ಹಲ್ಲು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದರು. ಕನ್ನಡಕದವರು ಉಬ್ಬಿಹೋದರು. ಆಮೇಲೆ ಡಾಕ್ಟರು ಎದ್ದು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲೂ ಮುಟ್ಟದೆ ಕಾರಿನ ಸುತ್ತ ಒಂದು ಬಳಸು ಬಂದರು. ಬೇರೆ ಗಿರಾಕಿಗಳ ಹಾಗೆ ಟೈರು ಒದೆಯಲಿಲ್ಲ, ಬಾನೆಟ್ಟು ಬಡಿಯಲಿಲ್ಲ. ನಿಂತು ನಿಂತು ನೋಡಿದರು.

ಓದುವ ಕಾಲದಲ್ಲಿ ಅವರು ಇಟಲಿಯಲ್ಲಿ ಇದ್ದರಂತೆ. ಒಂದು ದಿನ ಬೆಟ್ಟದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇಂಥದೇ ಕಾರು, ಇದೇ ಬಣ್ಣದ್ದು, ಮುಂದಿನಿಂದ ಹಾದುಹೋಯಿತಂತೆ. ಕಾರು ಮರೆಯಾದ ಮೇಲೂ ಅದರ ಸದ್ದು ಒಂದೊಂದೇ ತಿರುವು ಹತ್ತುತ್ತ ಹೋಗುವುದು ಕೇಳಿಸುತ್ತಿತ್ತು. ಅದನ್ನೇ ಕೇಳುತ್ತ ನಿಂತವರಿಗೆ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲವಂತೆ. ಹೇಳುವಾಗ ಅವರ ಕಣ್ಣು ತೇವವಾದದ್ದು ಸಂದಿಯಿಂದಲೂ ಕಾಣಿಸಿತು. ಸೀಟಿನ ಹೊಲಿಗೆ ಯಾರದು ಎಂದು ಅವರು ಕೇಳಿದಾಗ ಕನ್ನಡಕದವರು ನಮ್ಮ ಮನೆಯವಳದು ಎಂದರು. ಈ ಕೈಗೆ ನಮಸ್ಕಾರ ಎಂದರು ಡಾಕ್ಟರು. ಟೈಲರಮ್ಮನಿಗೆ ಒಳಗೆ ನಿಂತಲ್ಲೇ ಮುಖ ಬಿಸಿಯಾಯಿತು.

ಕಾಲ್ಡೋ ಕಡ್ಡಿಯ ವಿವರಣೆ ಬಂದಾಗ ಡಾಕ್ಟರು ನಗು ತಡೆದುಕೊಳ್ಳಲಾರದೆ ಕೆಮ್ಮಿದರು. ಇಟಲಿಯವರ ಕಾಲ್ಡೋ ಅಂದರೆ ಬಿಸಿ ಎಂದು ಮೆತ್ತಗೆ ಹೇಳಿದರು. ಕನ್ನಡಕದವರು ಕಡ್ಡಿಯನ್ನು ಅತ್ತಿತ್ತ ಜರುಗಿಸಿ, ಆ ಜನವೇ ಉಲ್ಟಾ ಎಂದು ಗೊಣಗಿದರು. ಡಾಕ್ಟರು ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು.

“ಇದ್ರಲ್ಲಿ ಎಲ್ಲೆಲ್ಲಿಗೆ ಹೋಗಿದ್ದೀರಿ?”

ಕನ್ನಡಕದವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. “ಪೆಟ್ರೋಲ್ ಬಂಕಿಗೆ,” ಅಂದರು ಕೊನೆಗೆ. ಆಮೇಲೆ ದಾರಿಯಲ್ಲಿ ಕಲ್ಲು ಸಿಡಿಯುವುದು, ಲಾರಿಯವರು ಗೀಚುವುದು, ಇತ್ಯಾದಿ ಏನೇನೋ ಹೇಳಿದರು. ಬಾಗಿಲ ಹಿಂದೆ ನಿಂತಿದ್ದವಳಿಗೆ ಚುರುಕ್ಕೆಂದಿತು. ಆ ಶೆಡ್ಡಿನ ದೆಸೆಯಿಂದ ಬಂದಿಯಾಗಿದ್ದದ್ದು ತನ್ನ ಕೆಲಸ ಒಂದೇ ಅಲ್ಲ, ಕಾರು ಕೂಡ ಎಂದು ಅವಳಿಗೆ ಅಂದೇ ಹೊಳೆದದ್ದು.

ಇನ್ನು ಕೀಲಿಯ ಸರದಿ. ಡಾಕ್ಟರು ಒಳಗೆ ಕೂತು ಕೀಲಿ ಹಿಡಿದರು. ಕನ್ನಡಕದವರು ಕಿಟಕಿಗೆ ಬಗ್ಗಿ, ಹೋಟೆಲಿನ ಹಿತ್ತಿಲಿನಿಂದ ಶುರುಮಾಡಿದರು. ಕೋಳಿಗಳು ಬರುವ ಹೊತ್ತಿಗೆ ಡಾಕ್ಟರು ತಿರುಗಿಸಿಯೇಬಿಟ್ಟಿದ್ದರು. ಗೊರಗೊರಗೊರ. ಇನ್ನೊಮ್ಮೆ. ಊಹೂಂ. ಕನ್ನಡಕದವರ ಮುಖ ಸಪ್ಪೆಯಾಗಲು ಸಿದ್ಧವಾಯಿತು. ಮಹಡಿಯ ಕಿಟಕಿಯಿಂದ ನಾದಿನಿ ಇಣುಕಿ, ಅತ್ತಿಗೆ, ಇವರಿಗಾದರೂ ಆಗಿಬಂತಾ ಎಂದು ಕೂಗಿ ಕೇಳಿದಳು. ಡಾಕ್ಟರು ಕೆಳಗಿಳಿದು, ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿ, ನನ್ನ ಅದೃಷ್ಟ ಇಷ್ಟೇ ಎಂದು ಹೆಗಲಿಗೆ ಚೀಲ ಏರಿಸಿದರು.

ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದಳು. ಒಂದು ಸಲ ತಾನು ನೋಡಲೇ ಎಂದು ಗಂಡನನ್ನು ಕೇಳಿದಳು. ಅವರು ನಕ್ಕರು. ನಗದೆ ಏನು, ತರಕಾರಿ ತರುವ ಹಳೇ ವ್ಯಾನು ಓಡಿಸುವವಳು ಇದರ ಸ್ಟೀರಿಂಗ್ ಹಿಂದೆ ಒಮ್ಮೆಯೂ ಕೂತವಳಲ್ಲ. “ನೋಡೇ, ನೋಡು. ನಿನ್ನ ಕೈಗೆ ಆಗಿಬಂದ್ರೆ ನಿಂದೇ ಕಾರು,” ಎಂದರು, ಡಾಕ್ಟರ ಎದುರಿಗೇ.

ತಾನೇ ಹೊಲಿದ ಸೀಟಿನಲ್ಲಿ ಅವಳು ಕೂತಳು. ಅದು ಬೆನ್ನಿಗೆ ಎಷ್ಟು ಹದವಾಗಿ ಕೂರುತ್ತದೆಂದು ಹೊಲಿದವಳಿಗೇ ಗೊತ್ತಿರಲಿಲ್ಲ. ಎದುರಿಗೆ ನೀಲಿ ಬಾನೆಟ್ಟು ಉದ್ದಕ್ಕೆ ಚಾಚಿಕೊಂಡು ಶೆಡ್ಡಿನ ಬಾಗಿಲ ಬೆಳಕಿನೊಳಗೆ ಹೋಗಿ ಸೇರಿತ್ತು. ಕೀಲಿಯನ್ನು ಅರ್ಧಕ್ಕೆ ತಿರುಗಿಸಿದಳು. ಹಿಂದೆ ಟಿಕ್‌ಟಿಕ್ ಶುರುವಾಯಿತು. ಕಿಟಕಿಯಲ್ಲಿ ಗಂಡನ ಬಾಯಿಯೂ, ಅಭ್ಯಾಸಬಲ ನೋಡಿ, ಶುರುವಾಯಿತು. ಆ ಹೋಟೆಲಿನ ಹಿತ್ತಿಲಲ್ಲಿ ನಾನು ಮೊದಲು...

“ರೀ, ಒಂದ್ನಿಮಿಷ ಸುಮ್ನಿರಿ. ಕೇಳಿಸ್ಕೋಬೇಕು.”

ಅವರು ಸುಮ್ಮನಾದರು. ಹೆಂಡತಿಗೆ ಏನು ಕೇಳಿಸಿಕೊಳ್ಳಬೇಕಾಗಿದೆ ಎಂದು ತಿಳಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. ಶೆಡ್ಡಿನಲ್ಲಿ ಉಳಿದದ್ದು ಟಿಕ್ಕಿನ ಸದ್ದು ಒಂದೇ. ಅದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಅವಳು ತಿರುಗಿಸಿದಳು. ಇಂಜಿನ್ನು ಒಂದು ಸಲ ಕೆಮ್ಮಿ, ಗುಡುಗಿ, ಆಮೇಲೆ ತುಂಬು ಗಂಟಲಲ್ಲಿ ಸಮವಾಗಿ ನಿಂತಿತು. ಗೋಡೆಯ ಆಚೆಯಿಂದ ಎಷ್ಟೋ ವರ್ಷ ಕೇಳಿದ್ದ ಸದ್ದೇ ಅದು. ಆದರೆ ಈಗ ಅದು ಕೈಯಿಂದ ಹತ್ತಿ, ಬೆನ್ನಿನಿಂದ ಹತ್ತಿ, ಎದೆಯೊಳಗೆ ಬಂದು ಕೂತಿತು. ಅಯ್ಯೋ, ಇದನ್ನು ಹೇಗೆ ಕೊಡುವುದು ಎಂದು ಅವಳಿಗೇ ಅನ್ನಿಸಿಬಿಟ್ಟಿತು. ಅಷ್ಟು ವರ್ಷ ಬೈದುಕೊಂಡವಳಿಗೆ ಗಂಡನ ಕಳ್ಳಾಟ ಅರ್ಥವಾಗಲು ಅಷ್ಟು ಸಾಕಾಯಿತು.

ಕನ್ನಡಕದವರು ಒರೆಸುವ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು. “ನಿಂಗೆ ಆಗಿಬಂತು,” ಎಂದರು. ಕೊಟ್ಟ ಮಾತಿನಿಂದ ಹಿಂದೆ ಸರಿಯುವ ಜಾತಿಯವರಲ್ಲ.

ಡಾಕ್ಟರು ಮುಂದೆ ಬಂದು, ಹಾಗಾದರೆ ಇನ್ನು ಮೇಲೆ ನಿಮ್ಮನ್ನೇ ಕೇಳಬೇಕು, ಕೊಡುತ್ತೀರಾ ಎಂದರು. ಟೈಲರಮ್ಮ ಮರದ ಸ್ಟೀರಿಂಗಿನ ಮೇಲೆ ಅಂಗೈ ಆಡಿಸಿದಳು. ಇಟ್ಟುಕೊಂಡರೆ ಕಾರಿಗೆ ಮತ್ತೆ ಬಂಕಿನ ದಾರಿ, ತನಗೆ ಮತ್ತೆ ಫ್ರಿಜ್ಜಿನ ಪಕ್ಕ. ಈ ಸದ್ದು ಬೆಟ್ಟ ಹತ್ತಬೇಕಾದದ್ದು. ಅವಳು ಗಂಡನ ಕಡೆಗೊಮ್ಮೆ ನೋಡಿ, ಡಾಕ್ಟರಿಗೆ ಹೇಳಿದಳು.

“ಕೊಡ್ತೀನಿ. ಆದ್ರೆ ನೀವು ತಗೊಂಡು ಹೋಗೋದು ಬೇಡ. ನಾವಿಬ್ರೂ ಓಡಿಸ್ಕೊಂಡು ಬಂದು ನಿಮ್ಮನೆ ಬಾಗಿಲಿಗೆ ಕೊಡ್ತೀವಿ.”

ಬೆಲೆಯ ಮಾತು ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಯಿತು. ಸಂಜೆ ಮ್ಯಾನೇಜರು ಬರುವ ಹೊತ್ತಿಗೆ ಕಾರು ಅಂಗಳದಲ್ಲಿ ನಿಂತಿತ್ತು, ಕನ್ನಡಕದವರು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಮ್ಯಾನೇಜರು ಶೆಡ್ಡಿನ ನೆಲದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದು ನೋಡಿ, ಮುಂದಿನ ವಾರ ಬಟ್ಟೆ ಕಳಿಸುತ್ತೇನೆ ಎಂದರು. ಗಂಡ ಅಂದು ರಾತ್ರಿ ಊಟದ ತಟ್ಟೆಯನ್ನೂ ಅಂಗಳಕ್ಕೇ ತಂದುಕೊಂಡು ಕಾರಿನ ಪಕ್ಕದಲ್ಲೇ ಉಂಡರು. ಟೈಲರಮ್ಮ ಕೆದಕಲು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಹೊರಟರು. ಸೀಟಿನ ಹಿಂದೆ ಎರಡು ಪುಟ್ಟ ಪೆಟ್ಟಿಗೆಗಳಿಗೆ ಜಾಗವಿತ್ತು, ಅವುಗಳನ್ನು ಬಿಗಿಯಲು ಚರ್ಮದ ಪಟ್ಟಿಯೂ ಇತ್ತು. ಆ ಪಟ್ಟಿಗಳನ್ನು ಹೊಲಿದದ್ದೂ ಅವಳೇ, ಬಿಗಿದದ್ದು ಅಂದೇ ಮೊದಲು. ಓಡಿಸಿದ್ದು ಅವಳು. ಕಾರು ಅವಳದಲ್ಲವೇ. ಊರು ದಾಟುವವರೆಗೂ ಕನ್ನಡಕದವರು ಇಲ್ಲದ ಬ್ರೇಕನ್ನು ತುಳಿಯುತ್ತ, ಎದುರಿಗೆ ಬಂದ ಪ್ರತಿ ಲಾರಿಗೂ ಉಸಿರು ಬಿಗಿಹಿಡಿಯುತ್ತ ಕೂತಿದ್ದರು. ಬಯಲು ರಸ್ತೆ ಸಿಕ್ಕಿದ ಮೇಲೆ ಟೈಲರಮ್ಮ ಕಾಲನ್ನು ಸ್ವಲ್ಪ ಒತ್ತಿದಳು. ಅಷ್ಟರವರೆಗೆ ಕಾರು ಗಂಟಲು ಸರಿಮಾಡಿಕೊಂಡದ್ದಷ್ಟೇ ಎಂದು ಆಗ ಇಬ್ಬರಿಗೂ ಗೊತ್ತಾಯಿತು. ಅದು ನೆಲವನ್ನು ತಬ್ಬಿಕೊಂಡು, ಒಂದಿಷ್ಟೂ ತಡಬಡಾಯಿಸದೆ, ದಾರಿ ತನ್ನದೇ ಎಂಬಂತೆ ಹೋಯಿತು. ತಿರುವುಗಳಲ್ಲಿ ಅವಳು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಅದು ತಿರುಗಿರುತ್ತಿತ್ತು. ಪಕ್ಕದಲ್ಲಿ ಗಂಡ ಬ್ರೇಕು ತುಳಿಯುವುದನ್ನು ಯಾವಾಗ ನಿಲ್ಲಿಸಿದರೋ ಅವಳು ಗಮನಿಸಲಿಲ್ಲ.

ಬೆಟ್ಟ ಹತ್ತಿದಂತೆ ಮಂಜು ಇಳಿದು ಕೈಕಾಲು ಮರಗಟ್ಟತೊಡಗಿದವು. ಕನ್ನಡಕದವರು ಗಾಳಿಯ ಕಡ್ಡಿಗೆ ಕೈಹಾಕಿ, ಅಭ್ಯಾಸದಂತೆ ಇನ್ನೊಂದು ತುದಿಗೆ ತಳ್ಳಲು ಹೋಗಿ ತಡೆದರು. ಹೆಂಡತಿಯ ಮುಖವನ್ನು ಓರೆಗಣ್ಣಿನಿಂದ ನೋಡಿ ಕಾಲ್ಡೋ ಕಡೆಗೆ ಜರುಗಿಸಿದರು. ಮೆಲ್ಲಗೆ ಬೆಚ್ಚನೆಯ ಗಾಳಿ ಕಾಲಿನ ಹತ್ತಿರ ಹರಡಿತು. ಟೈಲರಮ್ಮ ನಕ್ಕಳು. ಅವರೂ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನ ಇಷ್ಟು ವರ್ಷ ಕಟ್ಟಿಹಾಕಿಬಿಟ್ಟಿದ್ನಲ್ಲೇ,” ಎಂದರು.

ಬೆಟ್ಟದ ನೆತ್ತಿಯಲ್ಲಿ, ಕೆಳಗೆ ಸಮುದ್ರ ಕಾಣಿಸುವ ಜಾಗದಲ್ಲಿ ಅವಳು ಕಾರು ನಿಲ್ಲಿಸಿ ಇಳಿದು, ಇಳಿಜಾರು ನಿಮ್ಮದು ಎಂದು ಆಚೆಯ ಬಾಗಿಲಿಗೆ ಬಂದಳು. ಇಳಿಜಾರಿನ ಉದ್ದಕ್ಕೂ ಅವರು ಸಣ್ಣ ದನಿಯಲ್ಲಿ ಏನೋ ಗುನುಗುತ್ತಿದ್ದರು. ಮದುವೆಯಾದ ಮೇಲೆ ಅವರು ಗುನುಗಿದ್ದನ್ನು ಅವಳು ಕೇಳಿದ್ದೇ ಇಲ್ಲ.

ಬಂದರಿನ ಊರಿನಲ್ಲಿ ಡಾಕ್ಟರು ಗೇಟು ತೆರೆದು ರಸ್ತೆಯಲ್ಲೇ ಕಾದು ನಿಂತಿದ್ದರು. ಇಂಜಿನ್ನಿನ ಬಿಸಿ ಆರಲಿ ಎಂದು ಊಟ ಮಾಡಿದರು, ಕೂತರು, ಹೊತ್ತು ಕಳೆಯಿತು. ಕೊನೆಗೆ ಕೀಲಿ ಕೈ ಬದಲಾಯಿಸಿತು. ಡಾಕ್ಟರು ಒಳಗೆ ಕೂತು, ನಿನ್ನೆ ನನ್ನ ಕೈಗೆ ಆಗಿಬಂದಿರಲಿಲ್ಲ, ಇವತ್ತೇನು ಮಾಡಬೇಕು ಹೇಳಿ ಎಂದು ಕನ್ನಡಕದವರನ್ನು ಕೇಳಿದರು.

ಕನ್ನಡಕದವರು ಕಿಟಕಿಗೆ ಬಗ್ಗಿದರು. ಆ ಬಗ್ಗುವುದನ್ನು ಟೈಲರಮ್ಮ ಎಷ್ಟು ವರ್ಷದಿಂದ ಬಲ್ಲಳು. ಬಾಯಿ ತೆರೆದರೆ ಹಿತ್ತಿಲು, ಕೋಳಿ, ಮೊಟ್ಟೆ. ಅವರು ಬಾಯಿ ತೆರೆದರು.

“ಕೀಲಿ ಅರ್ಧ ತಿರುಗಿಸಿ. ಆಮೇಲೆ ಕೇಳಿಸ್ಕೊಳ್ಳಿ,” ಎಂದರು. ಅಷ್ಟು ಹೇಳಿ ಎರಡು ಹೆಜ್ಜೆ ಹಿಂದೆ ಬಂದು ಹೆಂಡತಿಯ ಪಕ್ಕದಲ್ಲಿ ನಿಂತರು.

ಟಿಕ್ಕು ಶುರುವಾಯಿತು. ಕನ್ನಡಕದವರು ತುಟಿ ಕಚ್ಚಿಕೊಂಡು ನಿಂತಿದ್ದರು. ಕೈ ತಡಕಾಡಿ ಟೈಲರಮ್ಮನ ಕೈ ಹುಡುಕಿ ಹಿಡಿದುಕೊಂಡಿತು, ಬೀದಿಯಲ್ಲಿ, ಜನ ನೋಡುವಂತೆ. ಟಿಕ್ಕು ನಿಧಾನವಾಯಿತು. ಡಾಕ್ಟರು ತಲೆ ಓರೆ ಮಾಡಿ ಕೇಳುತ್ತಿದ್ದರು. ಅದು ನಿಂತಿತು, ಅವರು ತಿರುಗಿಸಿದರು, ಇಂಜಿನ್ನು ಒಂದು ಸಲ ಕೆಮ್ಮಿ ಹೊತ್ತಿಕೊಂಡಿತು.

ನೀಲಿ ಕಾರು ಬೀದಿಯ ತುದಿಯಲ್ಲಿ ತಿರುಗಿ ಕಾಣದಾಯಿತು. ಸದ್ದು ಮಾತ್ರ ಬೆಟ್ಟದ ದಾರಿ ಹಿಡಿದು ಒಂದೊಂದೇ ತಿರುವು ಹತ್ತುತ್ತ ಹೋಗುವುದು ಕೇಳಿಸುತ್ತಿತ್ತು. ಅದು ಪೂರ್ತಿ ಅಡಗುವವರೆಗೆ ಇಬ್ಬರೂ ಹಾಗೇ ನಿಂತಿದ್ದರು. ಆಮೇಲೆ ಕನ್ನಡಕದವರು ಗಂಟಲು ಸರಿಮಾಡಿಕೊಂಡು, ನಾಟಕದವರ ಮಖಮಲ್ಲು ಯಾವ ದಿನ ಬರುತ್ತದೆ, ಅಷ್ಟರೊಳಗೆ ಶೆಡ್ಡಿನ ನೆಲದ ಎಣ್ಣೆ ಕಲೆ ತಿಕ್ಕಿಡಬೇಕಲ್ಲ ಎಂದು ಕೇಳಿದರು.